ಹತ್ತನೆಯ ತತ್ತ್ವ ಒಂದೇ ಸಾಕು

ಪ್ರಿಯ ಲೇಖಕಿಯವರಿಗೆ,

ವಂದನೆಗಳು. ಸುರಕ್ಷಿತ ರಾಸಾಯನಿಕಗಳನ್ನು ಕುರಿತ ನಿಮ್ಮ ಲೇಖನ ನಮ್ಮ ಬೆಂಗಳೂರು ಕಚೇರಿಗೆ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಪರಿಸರದ ಬಗ್ಗೆ ಕನ್ನಡದಲ್ಲಿ ಬರೆಯುವವರು ಅನೇಕರಿದ್ದಾರೆ; ರಸಾಯನಶಾಸ್ತ್ರವನ್ನು ಓದಿಕೊಂಡು ಬರೆಯುವವರು ತೀರ ಕಡಿಮೆ. ನೀವು ಓದಿಕೊಂಡಿದ್ದೀರಿ. ಹಾಗಾಗಿ ಬಿಚ್ಚಿಯೇ ಹೇಳುತ್ತೇನೆ.

ಲೇಖನದ ಅರ್ಧಭಾಗವನ್ನು ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ (ಅಪಾಯವನ್ನು ಮೂಲದಲ್ಲೇ ತಗ್ಗಿಸುವ ರಸಾಯನಶಾಸ್ತ್ರದ) 12 ತತ್ತ್ವಗಳ ಪಟ್ಟಿಯೇ ನುಂಗಿದೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದು ಪಠ್ಯಪುಸ್ತಕದ ಕೆಲಸ, ಅಷ್ಟನ್ನೂ ತೆಗೆದುಹಾಕಿ. ಹತ್ತನೆಯದನ್ನು ಮಾತ್ರ ಉಳಿಸಿಕೊಳ್ಳಿ: ಕೆಲಸ ಮುಗಿದ ಮೇಲೆ ನಿರುಪದ್ರವಿಯಾಗಿ ಒಡೆದುಹೋಗುವಂತೆ ರಾಸಾಯನಿಕವನ್ನು ಮೊದಲೇ ರೂಪಿಸಬೇಕು ಎನ್ನುವುದು. ನೀವು ಹೇಳಹೊರಟದ್ದೆಲ್ಲ ಅದರೊಳಗೇ ಇದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯಿಂದ ಆರಂಭಿಸಿದ್ದೀರಿ, ಸರಿ. ಆದರೆ ಎರಡನೆಯ ಪ್ಯಾರಾಕ್ಕೇ ‘ರಾಸಾಯನಿಕಗಳನ್ನು ಬಿಟ್ಟು ಅಂಟುವಾಳಕ್ಕೆ ಮರಳೋಣ’ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀರಿ. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಕೂಡ ರಾಸಾಯನಿಕವೇ, ಮತ್ತು ಅದು ಮೀನಿಗೆ ವಿಷ. ಸಪೋನಿನ್ ಇರುವ ಕಾಯಿಗಳನ್ನು ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯುವ ಪದ್ಧತಿ ನಮ್ಮ ದೇಶದ ಎಷ್ಟೋ ಕಡೆ ಇತ್ತು. ಕೋಟಿಗೂ ಮಿಕ್ಕ ಜನರ ಬಟ್ಟೆಯನ್ನೆಲ್ಲ ಅಂಟುವಾಳದಲ್ಲಿ ಒಗೆದು, ಆ ನೀರನ್ನು ಅದೇ ಕೆರೆಗೆ ಬಿಟ್ಟರೆ ಏನಾದೀತು? ಈ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕಿತ್ತು. ನಮಗೆ ಬರುವ ಪರಿಸರ ಲೇಖನಗಳಲ್ಲಿ ಬಹುಪಾಲು ಇಲ್ಲೇ ಎಡವುತ್ತವೆ. ರಸಾಯನಶಾಸ್ತ್ರ ಬಲ್ಲ ನೀವು ಎಡವಬಾರದು.

ನೊರೆಯ ಕಥೆಯನ್ನು ಇನ್ನೂ ಹಿಂದಿನಿಂದ ಹಿಡಿಯಿರಿ. 1950ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡ್, ಅಮೆರಿಕದ ನದಿಗಳೂ ಹೀಗೆಯೇ ನೊರೆ ಹೊದ್ದಿದ್ದವು. ಆಗಿನ ಡಿಟರ್ಜೆಂಟ್‌ನಲ್ಲಿದ್ದ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್ ಎಂಬ ಕೊಳೆ ತೆಗೆಯುವ ಅಣುವಿಗೆ ಕವಲೊಡೆದ ಇಂಗಾಲದ ಬಾಲವಿತ್ತು. ಬ್ಯಾಕ್ಟೀರಿಯಾಗಳು ಬಾಲವನ್ನು ತುದಿಯಿಂದ ಕತ್ತರಿಸುತ್ತ ಬರುತ್ತವೆ. ಕವಲು ಅಡ್ಡ ಬಂದರೆ ಅವುಗಳ ಕೆಲಸ ಕುಂಟುತ್ತದೆ. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ತಂದಿತು. ಅಮೆರಿಕದ ತಯಾರಕರು 1965ರ ಹೊತ್ತಿಗೆ ಹಳೆಯ ಅಣುವನ್ನು ಕೈಬಿಟ್ಟರು. ರಸಾಯನಶಾಸ್ತ್ರಜ್ಞರು ಮಾಡಿದ್ದು ಇಷ್ಟೇ: ಕವಲು ಬಾಲದ ಜಾಗದಲ್ಲಿ ನೇರ ಬಾಲ ಇಟ್ಟರು. ಬಟ್ಟೆಯ ಕೊಳೆ ಮೊದಲಿನಂತೆಯೇ ಹೋಯಿತು, ನದಿಗಳ ನೊರೆ ಇಳಿಯಿತು. ಅಣುವಿನ ಆಕಾರ ತಿದ್ದಿದ್ದಕ್ಕೇ ನದಿ ತಿಳಿಯಾಯಿತು ಎಂದರೆ ಯಾವ ಓದುಗರಿಗೆ ಕುತೂಹಲ ಹುಟ್ಟುವುದಿಲ್ಲ! ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಹಾಗಾದರೆ ನೇರ ಬಾಲದ ಅಣುವನ್ನೇ ಬಳಸುವ ನಮ್ಮ ಊರಿನಲ್ಲಿ ನೊರೆ ಏಕೆ? ಲೇಖನ ಈ ಪ್ರಶ್ನೆಯ ಬೆನ್ನು ಹತ್ತಬೇಕು. ಆ ಅಣು ಬೇಗ ಒಡೆಯುವುದು ನೀರಿನಲ್ಲಿ ಆಮ್ಲಜನಕ ಇದ್ದಾಗ. ಸಂಸ್ಕರಿಸದ ಕೊಳಚೆ ತುಂಬಿದ ಕೆರೆಯಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಡಿಟರ್ಜೆಂಟ್ ಅಂಶ ಕೆಸರಿಗೆ ಅಂಟಿಕೊಂಡು ತಳ ಸೇರುತ್ತದೆ, ಜೋರು ಮಳೆ ಬಂದು ಕೆಸರು ಕದಡಿದಾಗ ಮತ್ತೆ ನೀರಿಗೆ ಬಂದು ನೊರೆಯೇಳುತ್ತದೆ ಎಂದು ಬೆಳ್ಳಂದೂರಿನಲ್ಲೇ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಒಡೆಯಲೆಂದೇ ರೂಪಿಸಿದ ಅಣುವನ್ನು ಅದು ಒಡೆಯಲಾಗದ ಜಾಗಕ್ಕೆ ನಾವು ದಿನವೂ ಕಳಿಸುತ್ತಿದ್ದೇವೆ. ಪ್ರಯೋಗಾಲಯ ತನ್ನ ಪಾಲಿನ ಕೆಲಸ ಮಾಡಿತು, ಒಳಚರಂಡಿ ಮಾಡಲಿಲ್ಲ. ಇಷ್ಟನ್ನು ಓದುಗರಿಗೆ ಮುಟ್ಟಿಸಿದರೂ ನಿಮ್ಮ ಶ್ರಮ ಸಾರ್ಥಕ.

ಒಡೆಯಲು ಬೇಕಾದ ಸ್ಥಿತಿ ಅದು ಸೇರುವ ಜಾಗದಲ್ಲಿದೆಯೇ ಎಂಬ ಇದೇ ಪ್ರಶ್ನೆ ಹಿಡಿದು ಕಾಂಪೋಸ್ಟಬಲ್ (ಕೊಳೆತು ಗೊಬ್ಬರವಾಗುವ) ಲೋಟದ ಪ್ಯಾರಾವನ್ನೂ ತಿದ್ದಿ. ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಸಸ್ಯಮೂಲದ ಪ್ಲಾಸ್ಟಿಕ್‌ನ ಲೋಟ ಚೆನ್ನಾಗಿ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಗೊಬ್ಬರ ಘಟಕ ಬೇಕು. ಮಳೆನೀರಿನ ರಾಜಕಾಲುವೆಗೆ ಬಿದ್ದರೆ ಅದು ಉಳಿದ ಪ್ಲಾಸ್ಟಿಕ್‌ನ ಹಾಗೆಯೇ ವರ್ಷಗಟ್ಟಲೆ ಬಿದ್ದಿರುತ್ತದೆ. ಬಿಪಿಎ (ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್ ಎ) ಇಲ್ಲದ ವಸ್ತುಗಳನ್ನು ಹೊಗಳಿರುವ ವಾಕ್ಯವನ್ನು ಹೊಡೆದುಹಾಕಿ. ಬಿಲ್ಲಿನ ಕಾಗದದಂಥ ಕಡೆ ಅದರ ಜಾಗಕ್ಕೆ ಬಂದ ಅದರ ಹತ್ತಿರದ ಸಂಬಂಧಿ ಬಿಪಿಎಸ್ ಕೂಡ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುತ್ತದೆ.

ಇನ್ನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯ. ಅಲ್ಲಿ ಕ್ರೋಮ್ ಪ್ಲೇಟಿಂಗ್ (ವಸ್ತುಗಳಿಗೆ ಕ್ರೋಮಿಯಂ ಲೇಪಿಸುವ) ಘಟಕ ನಡೆಸುವ ನಿಮ್ಮ ಸೋದರಮಾವನವರು ಹೆಕ್ಸಾವೇಲೆಂಟ್ ಕ್ರೋಮಿಯಂ ಬಿಟ್ಟು ಅದೇ ಲೋಹದ ಇನ್ನೊಂದು ರೂಪವಾದ ಟ್ರೈವೇಲೆಂಟ್‌ಗೆ ಬದಲಾದರು ಎಂದು ಮೂರೇ ಸಾಲು ಬರೆದು ಮುಗಿಸಿದ್ದೀರಿ. ಇಡೀ ಲೇಖನದಲ್ಲಿ ನಾನು ನಿಂತು ಓದಿದ್ದು ಆ ಮೂರು ಸಾಲುಗಳನ್ನು. ಮೊದಲನೆಯದು ಕ್ಯಾನ್ಸರ್‌ಕಾರಕ, ಪೀಣ್ಯದ ಅಂತರ್ಜಲದಲ್ಲೂ ಪತ್ತೆಯಾಗಿರುವಂಥದ್ದು. ಎರಡನೆಯದರ ಅಪಾಯ ಬಹಳ ಕಡಿಮೆ. ಆದರೆ ಬದಲಾವಣೆ ಸಲೀಸಲ್ಲ. ಟ್ರೈವೇಲೆಂಟ್ ದ್ರಾವಣ ಕಲ್ಮಶವನ್ನು ಅಷ್ಟಾಗಿ ಸಹಿಸುವುದಿಲ್ಲ, ಹೊಳಪಿನ ಛಾಯೆಯೂ ತುಸು ಬೇರೆ. ಗಿರಾಕಿಗಳು ಬಣ್ಣ ಒಪ್ಪದೆ ಮಾಲು ವಾಪಸು ಕಳಿಸಿದರೆ? ಖರ್ಚು ಯಾರು ಹೊತ್ತರು? ತೊಟ್ಟಿಯ ಪಕ್ಕ ನಿಲ್ಲುವ ಕಾರ್ಮಿಕರ ಕೈಯ ಹುಣ್ಣು ಮಾಯಿತೆ? ಹಳೆಯ ತೊಟ್ಟಿಯಿಂದ ಏಳುವ ಆಮ್ಲದ ಮಂಜನ್ನು ಅಡಗಿಸಲು ಏನು ಹಾಕುತ್ತಿದ್ದರು ಎಂದೂ ಕೇಳಿ. ಈ ಉದ್ಯಮದಲ್ಲಿ ಅದಕ್ಕಾಗಿ ಬಳಕೆಯಲ್ಲಿದ್ದ ರಾಸಾಯನಿಕಗಳಲ್ಲಿ ಪಿಎಫ್‌ಓಎಸ್ ಒಂದು. ಕಾರ್ಮಿಕರ ಶ್ವಾಸಕೋಶ ಕಾಯಲು ತಂದ ಇದರಲ್ಲಿ ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಎಷ್ಟು ಬಿಗಿಯೆಂದರೆ, ಮಣ್ಣು ನೀರುಗಳಲ್ಲಿ ಅದು ಒಡೆಯುವುದೇ ಇಲ್ಲ. 2009ರಲ್ಲಿ ಅದನ್ನು, ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿ ನಿರ್ಬಂಧಿಸಲಾಯಿತು. ಒಬ್ಬರನ್ನು ಕಾಪಾಡಿದ್ದು ಇನ್ನೊಬ್ಬರ ಬಾವಿಗೆ ಇಳಿಯುವ ಈ ಇಕ್ಕಟ್ಟನ್ನು ಮರೆಮಾಚದೆ ಬರೆಯಿರಿ.

‘ಪರಿಸರಸ್ನೇಹಿ’, ‘ವಿಷಮುಕ್ತ’ ಎಂಬ ವಿಶೇಷಣಗಳು ಪ್ಯಾರಾಕ್ಕೊಮ್ಮೆ ಬರುತ್ತವೆ. ಅವುಗಳ ಬದಲು ಆ ವಸ್ತು ಏನು ಮಾಡುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಬರೆದರೆ ಓದುಗರೇ ತೀರ್ಮಾನಿಸುತ್ತಾರೆ.

ಸಾವಿರದ ಇನ್ನೂರು ಪದಗಳಲ್ಲಿ ಹೊಸದಾಗಿ ಬರೆದು ಕಳಿಸಿ. ನೊರೆ ಮತ್ತು ಪ್ಲೇಟಿಂಗ್ ತೊಟ್ಟಿ, ಇವೆರಡೇ ಮುಖ್ಯ ಕಥೆಗಳಾಗಿರಲಿ. ಘಟಕದ ತೊಳೆದ ನೀರು ಯಾವ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ, ಉಳಿದ ಕೆಸರನ್ನು ಯಾರು ಒಯ್ಯುತ್ತಾರೆ ಎಂಬುದನ್ನು ಹೋಗಿ ಕಣ್ಣಾರೆ ನೋಡಿ. ಪ್ರಕಟಣೆಗೆ ಮಾವನವರ ಒಪ್ಪಿಗೆ ಪಡೆಯಿರಿ, ಘಟಕದ ಹೆಸರು ಬೇಡ. ಬಂದ ಕೂಡಲೇ ಓದುತ್ತೇನೆ.

ಇತಿ,
ಸಂಪಾದಕ