ಒಬ್ಬರೇ ಮಾಡಿದ ಸಿನಿಮಾದಲ್ಲಿ ಮೈಕ್ ಹಿಡಿದವರು ಯಾರು?

(ತೀರ್ಥಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ಅಸ್ಸಾಮಿನ ಮೊದಲ ನಿರ್ದೇಶಕಿ ರೀಮಾ ದಾಸ್ ನಟಿಯಾಗಲು ಹೊರಟು ಸಿನಿಮಾ ನಿರ್ದೇಶನಕ್ಕೆ ಬಂದದ್ದು ಹೇಗೆ? ಅವರು ಯಾರ ನೆರವೂ ಇಲ್ಲದೆ ಒಬ್ಬರೇ ಸಿನಿಮಾ ಮಾಡಿದರೆಂಬುದು ನಿಜವೇ? ನನ್ನ ಅಣ್ಣನ ಮಗಳೂ ಒಂದು ಕ್ಯಾಮೆರಾ ಕೊಡಿಸಿದರೆ ಸಾಕು ಅನ್ನುತ್ತಿದ್ದಾಳೆ.)

ಮಾನ್ಯರೇ,

ಅರ್ಧ ನಿಜ. ‘ವಿಲೇಜ್ ರಾಕ್‌ಸ್ಟಾರ್ಸ್’ (2017) ಚಿತ್ರದ ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ, ನಿರ್ಮಾಣ ಎಲ್ಲವೂ ರೀಮಾ ಅವರವೇ. ಆದರೆ ಚಿತ್ರೀಕರಣದ ಜಾಗದಲ್ಲಿ ಧ್ವನಿ ಹಿಡಿದವರು ಅವರ ಸೋದರಸಂಬಂಧಿ ಮಲ್ಲಿಕಾ ದಾಸ್. 65ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ, ಸಂಕಲನ ಮತ್ತು ಬಾಲಕಲಾವಿದೆ (ಭನಿತಾ ದಾಸ್) ಪ್ರಶಸ್ತಿಗಳ ಜೊತೆಗೆ ಮಲ್ಲಿಕಾ ಅವರ ಧ್ವನಿಗ್ರಹಣಕ್ಕೂ ಪ್ರಶಸ್ತಿ ಬಂತು. ‘ಒಬ್ಬಂಟಿ ನಿರ್ದೇಶಕಿ’ ಎಂಬ ತಲೆಬರಹದ ಆಸೆಗೆ ಬಿದ್ದವರು ಈ ಹೆಸರನ್ನು ಬಿಟ್ಟುಬಿಡುತ್ತಾರೆ.

ಇನ್ನು ನಟನೆಯ ವಿಷಯ. ಕಾಮರೂಪ ಜಿಲ್ಲೆಯ ಛಯ್‌ಗಾಂವ್ ಬಳಿಯ ಕಲರ್ದಿಯಾ ರೀಮಾ ಅವರ ಊರು. ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ನಟಿಯಾಗಲೆಂದೇ ಮುಂಬೈಗೆ ಹೋದರು. ಪೃಥ್ವಿ ಥಿಯೇಟರಿನಲ್ಲಿ ಪ್ರೇಮಚಂದರ ‘ಗೋದಾನ’ದ ರಂಗರೂಪದಲ್ಲಿ ಪಾತ್ರವನ್ನೂ ಮಾಡಿದರು. ಸಿನಿಮಾದಲ್ಲಿ ಅವಕಾಶ ಕೂಡಿಬರಲಿಲ್ಲ. ಯಾವ ಸಿನಿಮಾ ಶಾಲೆಗೂ ಸೇರದೆ, ಚಿತ್ರಗಳನ್ನು ನೋಡಿ ನೋಡಿಯೇ ಕಲಿತು 2009ರಲ್ಲಿ ‘ಪ್ರಥಾ’ ಎಂಬ ಕಿರುಚಿತ್ರ ಮಾಡಿದರು. ಮೊದಲ ಪೂರ್ಣಪ್ರಮಾಣದ ಚಿತ್ರ ‘ಅಂತರ್ದೃಷ್ಟಿ’. ಅದರ ಚಿತ್ರೀಕರಣದ ಹೊತ್ತಿನಲ್ಲೇ, ಥರ್ಮಾಕೋಲಿನ ವಾದ್ಯಗಳನ್ನು ಹಿಡಿದು ಸಂಗೀತ ಕಛೇರಿ ನಡೆಸುತ್ತಿದ್ದ ಊರ ಮಕ್ಕಳು ಅವರ ಕಣ್ಣಿಗೆ ಬಿದ್ದದ್ದು. ಗಿಟಾರಿಗೆ ಆಸೆಪಡುವ ಧುನು ಎಂಬ ಹುಡುಗಿಯ ‘ವಿಲೇಜ್ ರಾಕ್‌ಸ್ಟಾರ್ಸ್’ ಕಥೆ ಹುಟ್ಟಿದ್ದು ಅಲ್ಲಿ.

ನಿಮ್ಮ ಹುಡುಗಿ ಗಮನಿಸಬೇಕಾದದ್ದು ಕ್ಯಾಮೆರಾವನ್ನಲ್ಲ, ಕ್ಯಾಲೆಂಡರನ್ನು. 87 ನಿಮಿಷದ ಈ ಚಿತ್ರಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಪ್ರವಾಹ ಬರುವ ತನಕ, ಬಂದು ಇಳಿಯುವ ತನಕ, ಸಂಜೆಯ ಬೆಳಕು ಗದ್ದೆಯ ಮೇಲೆ ಸರಿಯಾಗಿ ಬೀಳುವ ತನಕ ಕಾಯಬೇಕು. ದಿನಗೂಲಿಯ ತಂಡ ಕಟ್ಟಿಕೊಂಡವರಿಗೆ ಈ ಕಾಯುವಿಕೆ ಗಿಟ್ಟುವುದಿಲ್ಲ. ಮನೆಯವರನ್ನೂ ನೆಂಟರ ಮಕ್ಕಳನ್ನೂ ಸೇರಿಸಿಕೊಂಡದ್ದರಿಂದ ರೀಮಾ ಅವರಿಗೆ ಗಿಟ್ಟಿತು. ತೊಂದರೆ ಇಲ್ಲವೆಂದಲ್ಲ: ನಾಲ್ಕು ವರ್ಷದಲ್ಲಿ ಮಕ್ಕಳು ಎತ್ತರವಾಗುತ್ತಾರೆ, ದನಿ ಒಡೆಯುತ್ತದೆ. ಒಂದು ದೃಶ್ಯದ ದೂರದ ಶಾಟನ್ನೂ ಹತ್ತಿರದ ಶಾಟನ್ನೂ ಒಂದೇ ಋತುವಿನಲ್ಲಿ ಮುಗಿಸದಿದ್ದರೆ ಸಂಕಲನದ ಮೇಜಿನ ಮೇಲೆ ಅವು ಹೊಂದುವುದಿಲ್ಲ.

ಅವರು ಬಳಸಿದ್ದು ಕ್ಯಾನನ್ 5ಡಿ ಕ್ಯಾಮೆರಾ, ಬಿಸಿಲೇ ದೀಪ. ಆ ಸಾಲಿನ 2008ರ ಮಾದರಿಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಪೂರ್ಣ ಎಚ್‌ಡಿಯಲ್ಲಿ ಸುಮಾರು 12 ನಿಮಿಷಕ್ಕೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಹೆಡ್‌ಫೋನ್ ಸಿಕ್ಕಿಸುವ ಕಿಂಡಿಯೂ ಇಲ್ಲ, ಹಾಗಾಗಿ ಧ್ವನಿ ಕೆಟ್ಟದ್ದು ಗೊತ್ತಾಗುವುದು ಮನೆಗೆ ಬಂದ ಮೇಲೆಯೇ. ಇಂಥ ಕ್ಯಾಮೆರಾ ಇದ್ದರೆ ಧ್ವನಿಗೆ ಬೇರೆಯೇ ರೆಕಾರ್ಡರ್ ಬೇಕು; ಪ್ರತಿ ಶಾಟಿನ ಮೊದಲು ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಬೇಕು, ಆ ಸದ್ದನ್ನು ಹಿಡಿದೇ ಆಮೇಲೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕುವುದು. ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರದ) ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ನಾಲ್ಕೈದು ಫ್ರೇಮ್ ಸರಿದರೆ ತುಟಿಯೇ ಬೇರೆ, ಮಾತೇ ಬೇರೆ. ಮೈಕಿಗೆ ತುಪ್ಪಳದ ಗವಸು ಹಾಕದಿದ್ದರೆ ಬಯಲಿನ ಗಾಳಿ ಮಾತನ್ನು ನುಂಗುತ್ತದೆ. ದುಡ್ಡು ಕಡಿಮೆಯಿದ್ದರೆ ಎರಡನೇ ಲೆನ್ಸ್ ಬಿಡಲಿ, ಒಳ್ಳೆಯ ಮೈಕನ್ನಲ್ಲ. ಮತ್ತು ಮೈಕ್ ಹಿಡಿಯಲು ಒಬ್ಬರನ್ನು ಈಗಲೇ ಒಪ್ಪಿಸಿಕೊಳ್ಳಲಿ.

‘ಅಸ್ಸಾಮಿನ ಮೊದಲ ನಿರ್ದೇಶಕಿ’ ಎಂದೂ ಬರೆದಿದ್ದೀರಿ. ಅದು ತಪ್ಪು. ಸಾಂತ್ವನಾ ಬರ್ದಲೈ ಅವರ ‘ಅದಜ್ಯ’ 1996ರದು. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಕೂಡ ಅಸ್ಸಾಮಿಗೆ ಹೊಸದಲ್ಲ. ಜಾನು ಬರುವಾ ಅವರ ಚಿತ್ರ ಸುಮಾರು ಮೂರು ದಶಕ ಹಿಂದೆಯೇ ಅದನ್ನು ತಂದಿತ್ತು.

‘ವಿಲೇಜ್ ರಾಕ್‌ಸ್ಟಾರ್ಸ್’ 2018ರಲ್ಲಿ ಭಾರತದಿಂದ ಆಸ್ಕರ್‌ಗೆ ಹೋಯಿತು, ನಾಮನಿರ್ದೇಶನ ಸಿಗಲಿಲ್ಲ. ಆಮೇಲಿನ ‘ಬುಲ್‌ಬುಲ್ ಕ್ಯಾನ್ ಸಿಂಗ್’ಗೆ 2019ರ ಬರ್ಲಿನ್ ಚಿತ್ರೋತ್ಸವದ ಕಿರಿಯರ ವಿಭಾಗದಲ್ಲಿ ವಿಶೇಷ ಉಲ್ಲೇಖ ದೊರೆಯಿತು. ನಮಗೆ ಅದೇ ಹೆಚ್ಚು ಗಟ್ಟಿಯಾದ ಚಿತ್ರ. ಹದಿಹರೆಯದವರ ಮೇಲೆ ಊರು ನಡೆಸುವ ದಬ್ಬಾಳಿಕೆಯನ್ನು ಅದು ಮೆತ್ತಗೆ ಮಾಡಿ ಹೇಳುವುದಿಲ್ಲ. 2024ರಲ್ಲಿ ‘ವಿಲೇಜ್ ರಾಕ್‌ಸ್ಟಾರ್ಸ್ 2’ಕ್ಕೆ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ಕಿಮ್ ಜಿಸೋಕ್ ಪ್ರಶಸ್ತಿ ಸಿಕ್ಕಿತು. ಅದರಲ್ಲೂ ಧುನು ಭನಿತಾಳೇ. ಧುನುವಿನ ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ಹಾಕಿ ನಿಮ್ಮ ಹುಡುಗಿಗೆ ತೋರಿಸಿ, ಮೊದಲ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿಸಿಕೊಳ್ಳಲಿ.

- ಸಂಪಾದಕ