ದಪ್ಪ ಇರುವವರು ವೆಂಟಿಲೇಟರ್‌ನಿಂದ ಹೊರಗೆ ಬರುವುದಿಲ್ವಾ?

ನ್ಯುಮೋನಿಯಾ ಜೋರಾಗಿ ನಿಮ್ಮ ಕಾಕಾನ ಶ್ವಾಸಕೋಶ ಹಾಳಾಗಿದೆ, ಕಲಬುರಗಿಯಲ್ಲಿ ವೆಂಟಿಲೇಟರ್ ಹಾಕಿದ್ದಾರೆ, ತೂಕ 98 ಕೆಜಿ, ನೋಡಲು ಬಂದವರೆಲ್ಲ "ಇಷ್ಟು ದಪ್ಪ ಮೈ, ಉಳಿಯೋದು ಕಷ್ಟ" ಅನ್ನುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ.

ಇಲ್ರೀ, ತೂಕ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ನಾನು ಇದೇ ಊರಲ್ಲಿ ಐಸಿಯು ನರ್ಸ್. ಇಂಥ ರೋಗಿಗಳ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಸಾವು ಜಾಸ್ತಿ ಕಂಡದ್ದು ತೀರಾ ಸಣಕಲು ಇದ್ದವರಲ್ಲಿ. ದಪ್ಪ ಇದ್ದವರು ಬೇರೆಯವರಷ್ಟೇ, ಕೆಲವು ಕಡೆ ತುಸು ಹೆಚ್ಚೇ ಬದುಕಿದ್ದಾರೆ. ಯಾಕೆ ಅಂತ ಡಾಕ್ಟರುಗಳಲ್ಲೇ ಇನ್ನೂ ವಾದ ಇದೆ. ಹಾಗಂತ ಬೊಜ್ಜು ಒಳ್ಳೆಯದು ಅಂತಲ್ಲ. ಕೋವಿಡ್‌ನಲ್ಲಿ ವೆಂಟಿಲೇಟರ್‌ವರೆಗೆ ಹೋಗುವ ಅಪಾಯ ದಪ್ಪ ಇದ್ದವರಿಗೇ ಜಾಸ್ತಿ ಇತ್ತು, ಅಲ್ವಾ?

ವೆಂಟಿಲೇಟರ್‌ನಲ್ಲಿ ನಮಗೆ ಮೊದಲು ಬೇಕಾಗುವುದು ತೂಕ ಅಲ್ಲ, ಎತ್ತರ. ಮಲಗಿದವರ ತಲೆಯಿಂದ ಹಿಮ್ಮಡಿವರೆಗೆ ಟೇಪ್ ಹಿಡಿದು ಅಳೆಯುತ್ತೇವೆ. ಹೊರಗೆ ನಿಂತ ಮನೆಯವರಿಗೆ ಅದು ವಿಚಿತ್ರ ಅನಿಸುತ್ತದೆ, ಬೇರೆ ಏನೋ ಅಳತೆ ಅಂದುಕೊಂಡು ಅತ್ತವರೂ ಇದ್ದಾರೆ. ಮೈ ದಪ್ಪ ಆದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಅದು ಎತ್ತರಕ್ಕೆ ತಕ್ಕಷ್ಟೇ ಇರುತ್ತದೆ. 165 ಸೆಂ.ಮೀ. ಎತ್ತರದ ಗಂಡಸಿಗೆ ಎತ್ತರದಿಂದ ಲೆಕ್ಕ ಹಾಕಿದ ತೂಕ ಸುಮಾರು 61.5 ಕೆಜಿ. ಕೆಜಿಗೆ 6 ಎಂಎಲ್‌ನಂತೆ ಒಂದು ಉಸಿರಿಗೆ 370 ಎಂಎಲ್ ಗಾಳಿ. 98 ಕೆಜಿ ಹಿಡಿದು ಲೆಕ್ಕ ಹಾಕಿದರೆ 590 ಆಗುತ್ತದೆ, ಗಾಯವಾದ ಶ್ವಾಸಕೋಶ ಅಷ್ಟು ಹಿಗ್ಗಿದರೆ ಇನ್ನಷ್ಟು ಹಾಳಾಗುತ್ತದೆ. 2000ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕೆಜಿಗೆ 12 ಎಂಎಲ್ ಕೊಟ್ಟಾಗ ನೂರಕ್ಕೆ ಸುಮಾರು 40 ಜನ ತೀರಿಕೊಂಡರು, 6 ಕೊಟ್ಟಾಗ 31.

ದಪ್ಪ ಇದ್ದವರ ಆರೈಕೆ ಮಾತ್ರ ಕಷ್ಟ, ಅದು ಸುಳ್ಳಲ್ಲ. ಹೊಟ್ಟೆ ಮೇಲಕ್ಕೆ ಒತ್ತುವುದರಿಂದ ತಲೆ ಕಡೆ ಎತ್ತರಿಸಿಯೇ ಮಲಗಿಸುತ್ತೇವೆ. ಬೋರಲು ಹಾಕಬೇಕಾದರೆ ಕೈ ಜಾಸ್ತಿ ಬೇಕು, ಬೆನ್ನಿನ ಹುಣ್ಣಿನ ಭಯವೂ ಇರುತ್ತದೆ.

ಬಂದವರ ಮಾತು ಸುಮ್ನೆ ತಲೆಗೆ ಹಾಕಿಕೊಳ್ಳಬೇಡಿ. ರೌಂಡ್ಸ್ ಮುಗಿದ ಮೇಲೆ ಡಾಕ್ಟರನ್ನು ಕೇಳಿ: ಆಕ್ಸಿಜನ್ ನಿನ್ನೆಗಿಂತ ಕಡಿಮೆ ಸಾಕಾಗುತ್ತಿದೆಯಾ, ಬಿಪಿ ಏರಿಸುವ ಔಷಧಿ ನಡೆದಿದೆಯಾ, ಮೂತ್ರ ಸರಿಯಾಗಿ ಬರುತ್ತಿದೆಯಾ. ಮನೆಯಲ್ಲಿ ಕಾಕಾನ ಶುಗರ್, ಬಿಪಿ ಮಾತ್ರೆಗಳ ಚೀಟಿ ಇದ್ದರೆ ಇವತ್ತೇ ತಂದು ಕೊಡಿ.