ಮೂರು ಸಲ ಅಳಿಸಿದೆ, ಮೂರು ಸಲ ಮತ್ತೆ ಹಾಕಿಕೊಂಡೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಸುತ್ತುತ್ತಿವೆ. ಸೋಷಿಯಲ್ ಮೀಡಿಯಾ ಬಿಡಬೇಕು ಅನ್ನಿಸುತ್ತದೆ, ಬಿಡಲು ಆಗುತ್ತಿಲ್ಲ. ಫೋನಿಗೆ ನಮ್ಮ ಬಗ್ಗೆ ಏನೇನು ಗೊತ್ತಾಗಿದೆಯೋ ಎಂಬ ಭಯ ಬೇರೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದ ನಾಲ್ಕರ ಬೇರೂ ಅಲ್ಲೇ ಇದೆ.

ಪ್ರಶ್ನೆ: ಒಂದು ವರ್ಷದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ಫೋನಿನಿಂದ ಮೂರು ಸಲ ಅಳಿಸಿದೆ. ಮೂರು ಸಲವೂ ಮತ್ತೆ ಹಾಕಿಕೊಂಡೆ. ಮೊದಲ ಸಲ ಅಕ್ಕನ ಮಗುವಿನ ಫೋಟೊ ನೋಡಬೇಕಿತ್ತು. ಎರಡನೇ ಸಲ ಕೆಲಸದ ಗುಂಪಿನಲ್ಲಿ ಬಂದ ಸೂಚನೆ ತಪ್ಪಿಹೋಗಿತ್ತು. ಮೂರನೇ ಸಲ ಕಾರಣವೇ ಇರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಹಾಕಿಕೊಂಡೆ. ನನ್ನ ಮನಸ್ಸು ಇಷ್ಟೊಂದು ದುರ್ಬಲವೇ?

ಉತ್ತರ: ಖಂಡಿತ ಅಲ್ಲ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಮೊದಲ ಸಲ ನೀವು ಮರಳಿದ್ದು ಮಗುವಿಗಾಗಿ, ಎರಡನೇ ಸಲ ಕೆಲಸಕ್ಕಾಗಿ. ಆ್ಯಪ್ ಬರೀ ಬಾಗಿಲು, ಒಳಗೆ ಇದ್ದವರು ನಿಮ್ಮವರು. ಎಲ್ಲವನ್ನೂ ಒಟ್ಟಿಗೆ ಸೇರಿಸಿ ಚಟ ಎಂದು ಕರೆದರೆ ನಿಮಗೆ ನೀವೇ ಅನ್ಯಾಯ ಮಾಡಿಕೊಂಡಂತೆ.

ಮೂರನೇ ಸಲದ ಕಥೆ ಬೇರೆ. ಅಲ್ಲಿ ಆ್ಯಪ್ ಕಟ್ಟಿದವರ ಕೈ ಇದೆ. ಹಿಂದೆ ವೆಬ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು. ಕೆಳಗೆ ಬಂದು 'ಮುಂದಿನ ಪುಟ' ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ 'ಸಾಕಪ್ಪ' ಅನ್ನಿಸಲು ಅವಕಾಶ ಇತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದರು. ಅದರಿಂದ ಜನರಿಗೆ ಆದ ಹಾನಿಯ ಬಗ್ಗೆ ಮುಂದೆ ಅವರೇ ಬಹಿರಂಗವಾಗಿ ವಿಷಾದಪಟ್ಟರು. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. ಆಮೇಲೆ ನಮ್ಮ ಫೋಟೊ ಎಷ್ಟು ಜನರಿಗೆ ಇಷ್ಟವಾಯಿತು ಎಂದು ಗಳಿಗೆಗೊಮ್ಮೆ ಇಣುಕಿ ನೋಡುವ ಅಭ್ಯಾಸವೂ ಬಂತು.

ಇದು ಯಾಕೆ ಇಷ್ಟು ಬಲವಾಗಿ ಹಿಡಿಯುತ್ತದೆ ಎಂಬುದಕ್ಕೆ ಹಳೆಯ ಪ್ರಯೋಗವೊಂದು ಉತ್ತರ ಕೊಡುತ್ತದೆ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಗುಂಡಿ ಕುಕ್ಕುವುದನ್ನು ಕಲಿಸಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಬಿಟ್ಟುಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದಾದರೆ ಬೇಗ ಬಿಡುವುದಿಲ್ಲ, ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಿದ್ದೆ ಬಾರದ ರಾತ್ರಿ ನೀವು ಬೆರಳಿನಿಂದ ಪರದೆಯನ್ನು ಕೆಳಗೆ ಎಳೆಯುತ್ತೀರಲ್ಲ, ಅಲ್ಲಿ ನಡೆಯುವುದೂ ಇದೇ. ಹತ್ತು ಸಲ ಏನೂ ಇರುವುದಿಲ್ಲ, ಹನ್ನೊಂದನೇ ಸಲ ಹಳೆಯ ಗೆಳತಿಯ ಸುದ್ದಿ ಇರುತ್ತದೆ.

ಹಾಗಾದರೆ ಬಿಟ್ಟರೆ ಏನಾಗುತ್ತದೆ? 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸಲು ಹೇಳಿದರು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಮನಸ್ಸಿನ ನೆಮ್ಮದಿ ಹೆಚ್ಚಿತು, ಆದರೆ ಸ್ವಲ್ಪವೇ. ಜೀವನವೇ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ಮಾತು: ನಾಲ್ಕು ವಾರ ಮುಗಿದ ಮೇಲೂ ಅವರು ಮೊದಲಿಗಿಂತ ಕಡಿಮೆ ಬಳಸಿದರು. ಅಂದರೆ 'ಇನ್ನು ಎಂದೆಂದಿಗೂ ಬೇಡ' ಎಂದು ಶಪಥ ಮಾಡಬೇಕಾಗಿಲ್ಲ. 'ನಾಲ್ಕು ವಾರ ಬೇಡ' ಎಂದರೂ ಅಭ್ಯಾಸ ಸಡಿಲವಾಗುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಜಾಲತಾಣವನ್ನು ಯಾರಿಗೂ ಹೇಳದೆ ಬಿಟ್ಟೆ. ಗೆಳೆಯನೊಬ್ಬನ ತಂದೆ ತೀರಿಕೊಂಡರು. ಸುದ್ದಿಯನ್ನು ಅವನು ಅಲ್ಲಿ ಮಾತ್ರ ಹಾಕಿದ್ದ. ನನಗೆ ತಿಳಿದಾಗ ಮೂರು ವಾರ ಕಳೆದಿತ್ತು. ಆ ನೋವು ಇನ್ನೂ ಹೋಗಿಲ್ಲ. ಆ್ಯಪ್ ಬಿಟ್ಟಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ನನ್ನನ್ನು ಎಲ್ಲಿ ಹುಡುಕಬೇಕು ಎಂದು ಹೇಳದೆ ಎದ್ದು ಬಂದೆನಲ್ಲ, ಅದು ತಪ್ಪು.

ಆದ್ದರಿಂದ ನಾಲ್ಕನೇ ಸಲ ಅಳಿಸುವ ಮೊದಲು ಕಾಗದ ಹಿಡಿದು ಕೂತುಕೊಳ್ಳಿ. ಅಲ್ಲಿ ನಿಮಗೆ ನಿಜವಾಗಿ ಬೇಕಾದವರು ಯಾರು ಎಂದು ಬರೆಯಿರಿ. ನೂರಾರು ಹೆಸರು ಬರುವುದಿಲ್ಲ, ಎಂಟೋ ಹತ್ತೋ ಬರುತ್ತವೆ. ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಅಕ್ಕನಿಗೆ 'ಮಗುವಿನ ಫೋಟೊ ನನಗೇ ಕಳಿಸು' ಅನ್ನಿ. ಸಾವಿರ ಜನ ನೋಡುವ ಕಡೆ ಹಾಕುವುದಕ್ಕಿಂತ ಮಗುವಿಗೂ ಅದೇ ಒಳ್ಳೆಯದು. ಕೆಲಸದ ಸೂಚನೆಗಳು ಇಮೇಲ್‌ಗೂ ಬರಲಿ ಎಂದು ಕೇಳಿ. ಕೊಡದಿದ್ದರೆ ಆ ಒಂದು ಗುಂಪಿಗಾಗಿ ಕಂಪ್ಯೂಟರ್ ಬ್ರೌಸರ್‌ನಲ್ಲಿ ಖಾತೆ ಇಟ್ಟುಕೊಳ್ಳಿ, ಫೋನಿನಲ್ಲಿ ಬೇಡ. ನೋಡಿದ ಮೇಲೆ ಪ್ರತಿ ಸಲವೂ ಲಾಗ್‌ಔಟ್ ಮಾಡಿ. ಪಾಸ್‌ವರ್ಡ್ ಹಾಕುವ ಆ ಹತ್ತು ಸೆಕೆಂಡು ಹಿಂದಿನ ಕಾಲದ 'ಮುಂದಿನ ಪುಟ' ಗುಂಡಿಯ ಕೆಲಸ ಮಾಡುತ್ತದೆ. ರಾತ್ರಿಗೆ ಇರುವುದು ಒಂದೇ ಮದ್ದು: ಫೋನ್ ಬೇರೆ ಕೋಣೆಯಲ್ಲಿರಲಿ.

ಪ್ರಶ್ನೆ: ಗೆಳತಿ ಜೊತೆ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆ. ನಾನು ಎಲ್ಲೂ ಹುಡುಕಿಲ್ಲ. ಸಂಜೆ ಹೊತ್ತಿಗೆ ಮೊಣಕಾಲು ಪಟ್ಟಿಯ ಜಾಹೀರಾತು ಬಂತು. ಫೋನ್ ನಮ್ಮ ಮಾತು ಕೇಳಿಸಿಕೊಳ್ಳುತ್ತದೆ, ಅಲ್ವಾ?

ಉತ್ತರ: ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಆದರೆ ಹುಡುಕಿದವರಿಗೆ ಬೇರೆಯೇ ಸಿಕ್ಕಿದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಮೈಕ್ ಅನ್ನು ಕದ್ದು ಆನ್ ಮಾಡಿ ಮಾತು ಕಳಿಸುವ ಒಂದು ಆ್ಯಪ್ ಕೂಡ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಾವು ಮಾಡುವುದನ್ನೇ ಚಿತ್ರೀಕರಿಸಿ ಬೇರೆ ಕಂಪನಿಗೆ ಕಳಿಸುವ ಕೆಲವು ಸಿಕ್ಕವು.

ಮಾತು ಕೇಳುವ ಅಗತ್ಯವೇ ಅವರಿಗೆ ಇಲ್ಲ, ನನಗೆ ಜಾಸ್ತಿ ಭಯ ಹುಟ್ಟಿಸುವುದು ಅದೇ. ನೀವು ಹುಡುಕಿಲ್ಲ, ಸರಿ. ನಿಮ್ಮ ಗೆಳತಿ ಮನೆಗೆ ಹೋಗಿ ಹುಡುಕಿರಬಹುದು. ನೀವಿಬ್ಬರೂ ಪರಿಚಯ ಎಂದು ಆ್ಯಪ್‌ಗೆ ಗೊತ್ತು, ಏಕೆಂದರೆ ಇಬ್ಬರಲ್ಲಿ ಯಾರೋ ಒಬ್ಬರು ಫೋನಿನ ಕಾಂಟ್ಯಾಕ್ಟ್ಸ್ ನೋಡಲು ಒಪ್ಪಿಗೆ ಕೊಟ್ಟಿರುತ್ತೀರಿ. ನಿಮ್ಮ ವಯಸ್ಸು, ನೀವು ಓಡಾಡುವ ಜಾಗ, ಯಾವ ವೀಡಿಯೊ ಮೇಲೆ ಎಷ್ಟು ಹೊತ್ತು ನಿಂತಿರಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಬೇರೆ ವೆಬ್‌ಸೈಟ್‌ಗಳಲ್ಲಿ ಕಣ್ಣಿಗೆ ಕಾಣದಂತೆ ಇಟ್ಟಿರುವ ಟ್ರ್ಯಾಕರ್‌ಗಳೂ ವರದಿ ಒಪ್ಪಿಸುತ್ತಿರುತ್ತವೆ. ಫೇಸ್‌ಬುಕ್‌ನ 8.7 ಕೋಟಿ ಜನರವರೆಗಿನ ಮಾಹಿತಿ ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಕಂಪನಿಯ ಕೈ ಸೇರಿದ್ದು 2018ರಲ್ಲಿ ಬಯಲಾಯಿತಲ್ಲ, ಅವರಲ್ಲಿ ಬಹುಪಾಲು ಜನ ಮಾಹಿತಿ ಸಂಗ್ರಹಿಸಿದ ರಸಪ್ರಶ್ನೆ ಆ್ಯಪ್ ಅನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ಬಳಸಿದ್ದು ಅವರ ಸ್ನೇಹಿತರು. ಖಾಸಗಿತನ ಒಬ್ಬರೇ ಬೀಗ ಹಾಕಿ ಕಾಯುವ ವಸ್ತು ಅಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಇವತ್ತೇ ಮಾಡಬಹುದಾದ್ದು ಇಷ್ಟು. ಆಂಡ್ರಾಯ್ಡ್ 12 ಮತ್ತು ನಂತರದ ಫೋನ್‌ಗಳಲ್ಲಿ ಮೈಕ್ ಅಥವಾ ಕ್ಯಾಮೆರಾ ಆನ್ ಆದರೆ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಐಫೋನ್‌ನಲ್ಲಿ ಮೈಕ್‌ಗೆ ಕಿತ್ತಳೆ, ಕ್ಯಾಮೆರಾಗೆ ಹಸಿರು. ಅನುಮಾನ ಬಂದಾಗ ಅಲ್ಲಿ ನೋಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಆ್ಯಡ್ಸ್ ಅಂತ ಇರುತ್ತದೆ, ಅಲ್ಲಿ ಜಾಹೀರಾತುದಾರರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಜಾಹೀರಾತು ಐಡಿಯನ್ನು ಅಳಿಸಿ. ಐಫೋನ್‌ನಲ್ಲಿ 2021ರಿಂದ ಆ್ಯಪ್‌ಗಳು ಟ್ರ್ಯಾಕ್ ಮಾಡಲು ನಿಮ್ಮನ್ನು ಕೇಳಲೇಬೇಕು, ಬೇಡ ಅನ್ನಿ. ಕಾಂಟ್ಯಾಕ್ಟ್ಸ್ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಿ. ಇದನ್ನು ನಿಮ್ಮ ಗೆಳತಿಗೂ ಹೇಳಿ, ಇಲ್ಲದಿದ್ದರೆ ಕೆಲಸ ಅರ್ಧವೇ ಆದಂತೆ.

ಪ್ರಶ್ನೆ: ಆ್ಯಪ್ ಅಳಿಸಿ ಆರು ತಿಂಗಳಾಯಿತು. ನನ್ನ ಫೋಟೊ, ಮಾಹಿತಿ ಎಲ್ಲ ಹೋಗಿರುತ್ತಾ?

ಉತ್ತರ: ಇಲ್ಲ. ಫೋನಿನಿಂದ ಆ್ಯಪ್ ತೆಗೆದರೆ ಖಾತೆಗೆ ಏನೂ ಆಗುವುದಿಲ್ಲ. ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೂ ಎಲ್ಲ ಅಲ್ಲೇ ಇರುತ್ತದೆ, ಬೇರೆಯವರಿಗೆ ಕಾಣುವುದಿಲ್ಲ ಅಷ್ಟೆ. ಖಾತೆಯನ್ನೇ ಶಾಶ್ವತವಾಗಿ ಅಳಿಸಬೇಕು. ಫೇಸ್‌ಬುಕ್‌ನಲ್ಲಿ ಹಾಗೆ ಮಾಡಿದ ಮೇಲೆ 30 ದಿನ ಕಾಯುತ್ತಾರೆ. ಅಷ್ಟರೊಳಗೆ ಒಳಗೆ ಹೋಗಿ ರದ್ದು ಮಾಡಬಹುದು. ಆದ್ದರಿಂದ ಆ 30 ದಿನ 'ಒಮ್ಮೆ ನೋಡೋಣ' ಎಂದು ಹೋಗಬೇಡಿ. ಪೂರ್ತಿ ಅಳಿಸಲು 90 ದಿನದವರೆಗೆ ಹಿಡಿಯಬಹುದು. ನೀವು ಬೇರೆಯವರಿಗೆ ಕಳಿಸಿದ ಸಂದೇಶಗಳು ಅವರ ಬಳಿ ಉಳಿಯುತ್ತವೆ.

ಮೊದಲು ಎರಡು ಕೆಲಸ ಮಾಡಿ. ನಿಮ್ಮ ಫೋಟೊಗಳ ಪ್ರತಿ ಇಳಿಸಿಕೊಳ್ಳಿ, ಆ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲೇ ಇದೆ. ಬೇರೆ ಯಾವ ಆ್ಯಪ್‌ಗಳಿಗೆ ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದೀರಿ ಎಂದು ನೋಡಿ, ಅವಕ್ಕೆ ಇಮೇಲ್ ಮತ್ತು ಹೊಸ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಅವುಗಳ ಬಾಗಿಲೂ ಮುಚ್ಚಿಹೋಗುತ್ತದೆ.

ಪ್ರಶ್ನೆ: ವಾಟ್ಸ್‌ಆ್ಯಪ್ ಬಿಟ್ಟು ಟೆಲಿಗ್ರಾಂಗೆ ಹೋದರೆ ಜಾಸ್ತಿ ಸುರಕ್ಷಿತವೇ?

ಉತ್ತರ: ಸಂದೇಶದ ಮಟ್ಟಿಗೆ ಹೇಳುವುದಾದರೆ, ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಎಲ್ಲ ಖಾಸಗಿ ಮಾತುಕತೆಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ತೆರೆಯಬಲ್ಲ ಬೀಗ. ನೀವು ಬರೆದದ್ದು ಕಂಪನಿಗೂ ಕಾಣುವುದಿಲ್ಲ. ಆದರೆ ಯಾರ ಜೊತೆ, ಯಾವಾಗ, ಎಷ್ಟು ಸಲ ಮಾತಾಡಿದಿರಿ ಎಂಬಂಥ ವಿವರ ಆ ಬೀಗದೊಳಗೆ ಬರುವುದಿಲ್ಲ. ಟೆಲಿಗ್ರಾಂನ ಮಾಮೂಲಿ ಚಾಟ್‌ಗೆ ಆ ಬೀಗವೇ ಇಲ್ಲ. ಇಬ್ಬರ ನಡುವಿನ 'ಸೀಕ್ರೆಟ್ ಚಾಟ್' ಆರಿಸಿಕೊಂಡರೆ ಮಾತ್ರ ಬರುತ್ತದೆ. ನನ್ನ ಆಯ್ಕೆ ಇವೆರಡೂ ಅಲ್ಲ, ಸಿಗ್ನಲ್ ಎಂಬ ಮೂರನೇ ಆ್ಯಪ್. ಅದನ್ನು ನಡೆಸುವುದು ಲಾಭದ ಉದ್ದೇಶ ಇಲ್ಲದ ಸಂಸ್ಥೆ. 2018ರಲ್ಲಿ ಆ ಸಂಸ್ಥೆಯನ್ನು ಕಟ್ಟಲು 5 ಕೋಟಿ ಡಾಲರ್ ಕೊಟ್ಟವರು ಬ್ರಯಾನ್ ಆ್ಯಕ್ಟನ್, ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರು.

ಎಲ್ಲರೂ ಬರುವುದಿಲ್ಲ ಎಂದು ಕೈಬಿಡಬೇಡಿ. ಮನೆಯ ನಾಲ್ಕು ಜನ ಬಂದರೂ ಸಾಕು. ಅಲ್ಲಿಯವರೆಗೆ ವಾಟ್ಸ್‌ಆ್ಯಪ್‌ನಲ್ಲೇ ಚಾಟ್ ಬ್ಯಾಕಪ್ ಸೆಟ್ಟಿಂಗ್ ತೆರೆದು ಎನ್‌ಕ್ರಿಪ್ಷನ್ ಆನ್ ಮಾಡಿ. 2021ರಿಂದ ಆ ಸೌಲಭ್ಯ ಇದೆ. ಪಾಸ್‌ವರ್ಡ್ ಇಟ್ಟರೆ ಎಲ್ಲಾದರೂ ಬರೆದಿಡಿ, ಮರೆತರೆ ಬ್ಯಾಕಪ್ ತೆರೆಯುವುದಿಲ್ಲ.

ಪ್ರಶ್ನೆ: ನನಗೆ 16 ವರ್ಷ. ಇನ್‌ಸ್ಟಾಗ್ರಾಂ ನೋಡಿದ ಮೇಲೆ ದಿನಾ ಬೇಜಾರಾಗುತ್ತದೆ. ಬಿಡು ಅಂತ ಅಮ್ಮ ಹೇಳುತ್ತಾರೆ. ಬಿಟ್ಟರೆ ನನ್ನ ಗೆಳತಿಯರು ಏನು ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗಲ್ಲ. ನಾನೊಬ್ಬಳೇ ಆಗಿಬಿಡುತ್ತೇನೆ.

ಉತ್ತರ: ನಿನ್ನ ಭಯ ನಿಜವಾದದ್ದು ಪುಟ್ಟಿ. 'ಸುಮ್ನೆ ಬಿಡು' ಅನ್ನುವ ದೊಡ್ಡವರಿಗೆ ಅದು ಕಾಣುವುದಿಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೆಲವು ಅರ್ಥಶಾಸ್ತ್ರಜ್ಞರು ಇದರ ಬಗ್ಗೆ ವಿಚಾರಿಸಿದರು. ಫಲಿತಾಂಶ 2023ರಲ್ಲಿ ಹೊರಬಂತು. ನೀನೊಬ್ಬಳೇ ಟಿಕ್‌ಟಾಕ್ ಅಥವಾ ಇನ್‌ಸ್ಟಾಗ್ರಾಂ ನಿಲ್ಲಿಸು ಎಂದರೆ ಹೆಚ್ಚಿನವರು ಅದಕ್ಕೆ ಹಣ ಕೊಡಿ ಎಂದರು. ನಿಮ್ಮ ಕಾಲೇಜಿನಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಿಸುವುದಾದರೆ ಎಂದು ಕೇಳಿದಾಗ, ಹಾಗಾಗುವುದಾದರೆ ತಾವೇ ಹಣ ಕೊಡುತ್ತೇವೆ ಎಂದವರು ಎಷ್ಟೋ ಜನ. ಅಂದರೆ ಬಿಡಬೇಕು ಎಂಬ ಆಸೆ ತುಂಬ ಜನರಿಗಿದೆ, ಮೊದಲು ಎದ್ದು ಹೋಗಲು ಯಾರಿಗೂ ಧೈರ್ಯವಿಲ್ಲ. ನಿನ್ನ ಗೆಳತಿಯರಲ್ಲೂ ಹೀಗೆ ಅನ್ನಿಸುತ್ತಿರುವವರು ಇರಬಹುದು, ನೀನು ಕೇಳಿಲ್ಲ ಅಷ್ಟೆ.

ನಿನಗೆ ತುಂಬ ಹತ್ತಿರದ ಇಬ್ಬರಿಗೆ, ಎದುರಿಗೆ ಕೂತು, ನನಗೆ ಬರೆದದ್ದನ್ನೇ ಹೇಳು. 'ಎರಡು ವಾರ ಮೂವರೂ ಒಟ್ಟಿಗೆ ನಿಲ್ಲಿಸೋಣವಾ' ಎಂದು ಕೇಳು. ದಿನಾಂಕ ಗುರುತು ಹಾಕಿಕೊಳ್ಳಿ. ಆ ಎರಡು ವಾರ ಫೋನ್ ಮಾಡಿ ಮಾತಾಡಿ. ಈ ಪತ್ರವನ್ನು ಅಮ್ಮನಿಗೂ ಓದಲು ಕೊಡು, ಅವರೂ ತಮ್ಮ ಫೋನನ್ನು ಆ ಎರಡು ವಾರ ರಾತ್ರಿ ಬೇರೆ ಕೋಣೆಯಲ್ಲಿ ಇಡಲಿ. ಇಬ್ಬರಲ್ಲಿ ಒಬ್ಬಳು ಹೂಂ ಅಂದರೂ ನನಗೆ ಬರೆದು ತಿಳಿಸು. ಇಬ್ಬರೂ ಬೇಡ ಅಂದರೂ ಬರೆ, ಬೇರೆ ದಾರಿ ಹುಡುಕೋಣ.